2 ಜಿಬಿ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್?

ಪ್ರಶ್ನೆ: ನನ್ನದು 2010ರಲ್ಲಿ ಕೊಂಡ ಲ್ಯಾಪ್‌ಟಾಪ್. ಕೋರ್ 2 ಡ್ಯುಯೊ, 2 ಜಿಬಿ ರ‍್ಯಾಮ್, ವಿಂಡೋಸ್ 10. ಆನ್ ಮಾಡಿ ಕಾಫಿ ಕುಡಿದು ಬಂದರೂ ಚಕ್ರ ತಿರುಗುತ್ತಲೇ ಇರುತ್ತದೆ. ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಹೊಸದರ ಹಾಗೆ ಓಡುತ್ತದೆ ಅಂತಾರೆ, ನಿಜವಾ ಸರ್? ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳೂ ಉಳಿಯಬೇಕು.
- ಓದುಗರು, ತಿಪಟೂರು

ಉತ್ತರ: ಅರ್ಧ ನಿಜ. ಆಂಟಿಎಕ್ಸ್ ಅಂತ ಒಂದು ಲಿನಕ್ಸ್ ಇದೆ, ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ್ದು. ಪೂರ್ತಿ ಡೆಸ್ಕ್‌ಟಾಪ್ ಬದಲು ಐಸ್‌ಡಬ್ಲ್ಯುಎಂ ಎಂಬ, ಪರದೆಯ ಕಿಟಕಿಗಳನ್ನಷ್ಟೇ ನೋಡಿಕೊಳ್ಳುವ ಪುಟ್ಟ ವಿಂಡೋ ಮ್ಯಾನೇಜರ್ ಇರುವುದರಿಂದ ಆನ್ ಆಗಿ ಕೂತಾಗ ಅದು ತಿನ್ನುವ ರ‍್ಯಾಮ್ ಸುಮಾರು 300 ಎಂಬಿ. ಖುಷಿಯಾಯಿತು ಅಲ್ವಾ? ಈಗ ಫೈರ್‌ಫಾಕ್ಸ್ ತೆರೆದು ಒಂದು ಟ್ಯಾಬಿನಲ್ಲಿ ಜಿಮೇಲ್, ಇನ್ನೊಂದರಲ್ಲಿ ಯೂಟ್ಯೂಬ್ ಹಾಕಿ, ಒಂದು ಜಿಬಿ ಹೋಯಿತು. ರ‍್ಯಾಮ್ ತುಂಬಿದ ಮೇಲೆ ಉಳಿದದ್ದನ್ನು ಹಾರ್ಡ್ ಡಿಸ್ಕಿಗೆ ತಳ್ಳುತ್ತದೆ, ಅದಕ್ಕೆ ಸ್ವಾಪ್ ಅಂತಾರೆ, ಹಳೆಯ ತಿರುಗುವ ಡಿಸ್ಕ್ ಆದರೆ ಅಲ್ಲಿಗೆ ಕತೆ ಮುಗಿಯಿತು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಮೌಸ್ ಬಾಣವೂ ಅಲ್ಲಾಡದೆ ಡಿಸ್ಕಿನ ಕೆಂಪು ದೀಪ ಮಾತ್ರ ಮಿಣುಕುತ್ತಾ ಇರುತ್ತಿತ್ತು.

ಹಾಗಾಗಿ ಯಾವ ಲಿನಕ್ಸ್ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಲ್ಯಾಪ್‌ಟಾಪ್ ಬೋರಲು ಹಾಕಿ ಹಿಂದಿನ ಮುಚ್ಚಳ ಬಿಚ್ಚಿ ನೋಡಿ. ರ‍್ಯಾಮ್ ಕೂರಿಸುವ ಜಾಗ ಒಂದು ಖಾಲಿ ಇದ್ದರೆ ಸೆಕೆಂಡ್‌ಹ್ಯಾಂಡ್ 2 ಜಿಬಿ ಪಟ್ಟಿ ತಂದು ಸೇರಿಸಿ. ರ‍್ಯಾಮಿನಲ್ಲಿ ಬೇರೆ ಬೇರೆ ತಲೆಮಾರುಗಳಿವೆ, ಡಿಡಿಆರ್2 ಇರುವ ಕಡೆ ಡಿಡಿಆರ್3 ಕೂರುವುದಿಲ್ಲ, ಹಳೆಯ ಪಟ್ಟಿಯನ್ನೇ ಅಂಗಡಿಗೆ ಒಯ್ಯಿರಿ. 4 ಜಿಬಿ ಆದರೆ ಮಿಂಟ್ ಎಂಬ ಲಿನಕ್ಸಿನ ಹಗುರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೇ ಹಾಕಬಹುದು. ಮಿಂಟ್‌ನವರೇ ಕನಿಷ್ಠ 2, ನೆಮ್ಮದಿಗೆ 4 ಅಂತಾರೆ. ಸೇರಿಸಲು ಆಗದಿದ್ದರೆ ಆಂಟಿಎಕ್ಸ್, ಜೊತೆಗೆ ಝಡ್‌ರ‍್ಯಾಮ್. ಇದು ರ‍್ಯಾಮಿನಲ್ಲಿರುವುದನ್ನೇ ಒತ್ತಿ ಚಿಕ್ಕದು ಮಾಡಿ ಅಲ್ಲೇ ಇಡುತ್ತದೆ, ಡಿಸ್ಕಿನ ತನಕ ಓಡುವುದು ತಪ್ಪುತ್ತದೆ. ಮಿಂಟ್ ಆಗಲಿ ಆಂಟಿಎಕ್ಸ್ ಆಗಲಿ, ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ವೈಫೈ, ಸೌಂಡ್ ಸರಿ ಇದೆ ಅನ್ನಿಸಿದ ಮೇಲೆ ಇನ್‌ಸ್ಟಾಲ್ ಮಾಡಿ.

ಆದರೆ ವಿಂಡೋಸ್ ಅಳಿಸುವ ಮೊದಲು ನುಡಿ ಫೈಲುಗಳ ಕೆಲಸ ಮುಗಿಸಿ, ಮರೆಯಬೇಡಿ! ಹಳೆಯ ನುಡಿಯ ಅಕ್ಷರಗಳು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತ, ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ 'ನ' ಇದ್ದಲ್ಲೆಲ್ಲ ಪೌಂಡ್ ಗುರುತು ಕಾಣಿಸುತ್ತದೆ. ನುಡಿಯಲ್ಲೇ ಪರಿವರ್ತಕ ಇದೆ, ಎಲ್ಲವನ್ನೂ ಯೂನಿಕೋಡ್ ಮಾಡಿಟ್ಟುಕೊಳ್ಳಿ. ಲಿನಕ್ಸಿನಲ್ಲಿ ಕನ್ನಡ ಟೈಪ್ ಮಾಡಲು ಐಬಸ್ ಮತ್ತು ಎಂ17ಎನ್ ಎಂಬ ತಂತ್ರಾಂಶಗಳನ್ನು ಹಾಕಿದರೆ ಕೆಜಿಪಿ ಕೀಲಿಮಣೆ ಸಿಗುತ್ತದೆ. ನುಡಿಯದೇ ವಿನ್ಯಾಸ ಅದು, ಬೆರಳಿಗೆ ಹೊಸ ಪಾಠ ಬೇಕಿಲ್ಲ.

ಪ್ರಶ್ನೆ: ಆಟಮ್ ಎನ್270 ಪ್ರೊಸೆಸರ್ ಇರುವ ಮಿನಿ ಲ್ಯಾಪ್‌ಟಾಪ್, 1 ಜಿಬಿ. ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಲು ಹೋದರೆ ಈ ಕರ್ನಲ್‌ಗೆ ಎಕ್ಸ್86-64 ಸಿಪಿಯು ಬೇಕು ಅಂತ ಬಂದು ನಿಲ್ಲುತ್ತದೆ. ಲ್ಯಾಪ್‌ಟಾಪ್ ಕೆಟ್ಟಿದೆಯಾ?
- ಓದುಗರು, ಶಿರಸಿ

ಉತ್ತರ: ಕೆಟ್ಟಿಲ್ಲ, ನೀವು ಇಳಿಸಿಕೊಂಡದ್ದು 64 ಬಿಟ್‌ನದು, ಎಕ್ಸ್86-64 ಅಂದರೆ ಅದೇ. ಎನ್270 ಬರೀ 32 ಬಿಟ್. ಈಗ ಬಹಳ ಮಂದಿ 32 ಬಿಟ್ ಕೈಬಿಟ್ಟಿದ್ದಾರೆ, 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಅದರ ಇನ್‌ಸ್ಟಾಲರೇ ಇಲ್ಲ. ಆಂಟಿಎಕ್ಸ್ 23ರ 32 ಬಿಟ್ ಆವೃತ್ತಿ ಇಳಿಸಿಕೊಳ್ಳಿ. ಟೈಪಿಂಗಿಗೆ, ಹಾಡು ಕೇಳಲು ಸಾಕು. ಯೂಟ್ಯೂಬ್ ಆಸೆ ಬಿಟ್ಟುಬಿಡಿ. ಅದರಲ್ಲಿ 2 ಜಿಬಿಗಿಂತ ಜಾಸ್ತಿ ರ‍್ಯಾಮ್ ಹಾಕಲೂ ಬರುವುದಿಲ್ಲ.