ಕೆಂಪು-ಹಸಿರು ಗುರುತಿಸಲು ಕಷ್ಟವಿರುವ ಹುಡುಗ ಪೈಲಟ್ ಆಗಬಹುದೇ?

ಮಗ ಪ್ಲಸ್ ಟು ಓದುತ್ತಿದ್ದಾನೆ, ಕಣ್ಣಿನ ತಪಾಸಣೆಯಲ್ಲಿ ಕೆಂಪು-ಹಸಿರು ವರ್ಣಾಂಧತೆ ಎಂದರು, ಫ್ಲೈಯಿಂಗ್ ಸ್ಕೂಲಿನವರು ಮಾತ್ರ "ಅದೆಲ್ಲ ಆಮೇಲೆ ನೋಡುವ, ಅಡ್ವಾನ್ಸ್ ಕಟ್ಟಿ" ಎನ್ನುತ್ತಿದ್ದಾರೆ, ಕಟ್ಟಬಹುದೇ ಎಂದು ಕೇಳಿದ್ದೀರಿ. ಕಟ್ಟಬೇಡಿ ಮಾರಾಯ್ರೆ. ಕ್ಲಾಸ್ 1 ಮೆಡಿಕಲ್ (ಸಂಬಳದ ಪೈಲಟ್‌ಗೆ ಬೇಕಾದ ವೈದ್ಯಕೀಯ ಪ್ರಮಾಣಪತ್ರ) ಕೈಗೆ ಬರಲಿ, ಆಮೇಲೆ ದುಡ್ಡಿನ ಮಾತು.

ನಾನು ಕಾಸರಗೋಡಿನಲ್ಲಿ ಆಪ್ಟೋಮೆಟ್ರಿಸ್ಟ್. ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದಿಸಿ ವರ್ಣಾಂಧತೆ ಪರೀಕ್ಷಿಸುವ ಇಷಿಹಾರಾ ಪುಸ್ತಕ ಬಿಡಿಸಿದರೆ ಮೊದಲ ಪುಟದ 12 ಎಲ್ಲರಿಗೂ ಕಾಣುತ್ತದೆ. ಮುಂದೆ 74 ಇರುವಲ್ಲಿ ಕೆಲವು ಹುಡುಗರು ಸ್ವಲ್ಪವೂ ಅನುಮಾನವಿಲ್ಲದೆ 21 ಎನ್ನುತ್ತಾರೆ. ಪಕ್ಕದಲ್ಲಿ ಕೂತ ಅಪ್ಪ "ಸರಿಯಾಗಿ ನೋಡೋ" ಎಂದು ಗದರುವುದೂ ಉಂಟು. ಅವನು ಸರಿಯಾಗಿಯೇ ನೋಡಿದ್ದಾನೆ, ಅವನಿಗೆ ಕಾಣುವುದೇ ಹಾಗೆ. ಮೆಣಸಿನ ಬಳ್ಳಿಯಲ್ಲಿ ಒಂದೆರಡು ಕಾಳು ಕೆಂಪಾದದ್ದು ಇಂಥವರಿಗೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಉತ್ತರ ಬಾಯಿಪಾಠ ಮಾಡಿಸಬೇಡಿ. ಸಾಮಾನ್ಯ ಕಣ್ಣಿಗೆ ಏನೂ ಕಾಣದ, ವರ್ಣದೋಷ ಇದ್ದವರಿಗೆ ಮಾತ್ರ ಅಂಕಿ ಕಾಣುವ ಪುಟಗಳೂ ಅದರಲ್ಲಿವೆ.

ಇಷಿಹಾರಾದಲ್ಲಿ ತಪ್ಪಿದ ಕೂಡಲೇ ಕಥೆ ಮುಗಿಯುವುದಿಲ್ಲ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಲ್ಲಿ ಎರಡನೆಯ ಅವಕಾಶವಿದೆ: ವಿಮಾನಯಾನದಲ್ಲಿ ಬಳಸುವ ಬಣ್ಣದ ದೀಪಗಳನ್ನು ತಡವರಿಸದೆ ಗುರುತಿಸಿದರೆ ಅರ್ಹ. ಲ್ಯಾಂಟರ್ನ್ ಪರೀಕ್ಷೆ ಇರುವುದು ಇದಕ್ಕೇ. ಅಲ್ಲೂ ತಪ್ಪಿದರೆ ಕ್ಲಾಸ್ 1 ಇಲ್ಲ. ಆ ನಿಯಮದ ಪ್ರಕಾರ ಉಳಿಯುವುದು ಹಗಲು ಹಾರಾಟಕ್ಕೆ ಮಾತ್ರ ಸೀಮಿತವಾದ ಕ್ಲಾಸ್ 2 ಮೆಡಿಕಲ್.

ಎಡವಟ್ಟಾಗುವುದು ಈ ಕ್ಲಾಸ್ 2ರಲ್ಲೇ. ನಮ್ಮಲ್ಲಿ ವಿದ್ಯಾರ್ಥಿ ಪೈಲಟ್ ಪರವಾನಗಿಗೆ ಅದು ಸಾಕು, ತರಬೇತಿ ಶುರುವಾಗಿಬಿಡುತ್ತದೆ. ಸಂಬಳದ ಕೆಲಸಕ್ಕೆ ಬೇಕಾದ ಕಮರ್ಷಿಯಲ್ ಪರವಾನಗಿಗೆ ಡಿಜಿಸಿಎಯ (ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ) ಕ್ಲಾಸ್ 1 ಬೇಕು. ಲಕ್ಷಗಟ್ಟಲೆ ಸುರಿದ ಮೇಲೆ ಅದು ಗೊತ್ತಾದರೆ ಏನು ಮಾಡುತ್ತೀರಿ? ಕ್ಲಾಸ್ 1 ತಪಾಸಣೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೂ ನಡೆಯುತ್ತದೆ.

ಇಷ್ಟು ಬಿಗಿ ಯಾಕೆ ಅಂದರೆ, ಇಳಿಯುವ ವಿಮಾನದ ಎತ್ತರ ಸರಿಯಿದೆಯೇ ಎಂದು ತೋರಿಸುವ, ರನ್‌ವೇ ಪಕ್ಕದ ಪಾಪಿ (PAPI) ದೀಪಗಳನ್ನೇ ನೋಡಿ: ನಾಲ್ಕರಲ್ಲಿ ಎರಡು ಕೆಂಪು, ಎರಡು ಬಿಳಿ ಇದ್ದರೆ ಎತ್ತರ ಸರಿ, ನಾಲ್ಕೂ ಕೆಂಪಾದರೆ ವಿಮಾನ ತೀರಾ ಕೆಳಗಿದೆ. 2002ರ ಜುಲೈಯಲ್ಲಿ ಅಮೆರಿಕದ ಟ್ಯಾಲಹಾಸಿಯಲ್ಲಿ ಫೆಡೆಕ್ಸ್‌ನ ಬೋಯಿಂಗ್ 727 ಸರಕು ವಿಮಾನ ರನ್‌ವೇ ಮುಟ್ಟುವ ಮೊದಲೇ ಮರಗಳಿಗೆ ಬಡಿದು ಬಿತ್ತು. ಒಳಗಿದ್ದ ಮೂವರೂ ಬದುಕಿದರು. ತನಿಖೆಯಲ್ಲಿ ದಣಿವಿನ ಜೊತೆಗೆ, ವಿಮಾನ ನಡೆಸುತ್ತಿದ್ದ ಫಸ್ಟ್ ಆಫೀಸರನ (ಸಹ-ಪೈಲಟ್‌ನ) ವರ್ಣದೋಷವೂ ಕಾರಣಗಳ ಪಟ್ಟಿಗೆ ಸೇರಿತು.

ಹುಟ್ಟಿನಿಂದ ಬಂದದ್ದಕ್ಕೆ ಔಷಧಿಯಿಲ್ಲ. ಬಣ್ಣದ ಕನ್ನಡಕ ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ, ಮೆಡಿಕಲ್‌ನಲ್ಲಿ ಅದು ನಡೆಯುವುದಿಲ್ಲ. "ನಮಗಿಬ್ಬರಿಗೂ ಇಲ್ಲವಲ್ಲ" ಎಂದೂ ಬರೆದಿದ್ದೀರಿ. ಗಂಡುಮಕ್ಕಳಿಗೆ ಇದು ತಾಯಿಯ ಎಕ್ಸ್ ವರ್ಣತಂತುವಿನಿಂದ ಬರುತ್ತದೆ, ತಾಯಿಯ ಕಣ್ಣು ಸರಿಯಿದ್ದರೂ. ಆ ತಾಯಿಯ ಅಪ್ಪನಿಗೋ ಅಣ್ಣ-ತಮ್ಮಂದಿರಿಗೋ ಇತ್ತೇ ವಿಚಾರಿಸಿ ನೋಡಿ, ಆದರೆ ಮನೆಯಲ್ಲಿ ಅದೊಂದು ಆರೋಪವಾಗದಿರಲಿ.

ಮೊಬೈಲ್ ಪರದೆಯಲ್ಲಿ ಮಾಡಿದ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಳದಿ ಬಲ್ಬಿನಡಿ ಮಾಡಿದ್ದೂ ಅಷ್ಟೇ. ಹಗಲು ಬೆಳಕಿನಲ್ಲಿ, ಬಣ್ಣ ಮಾಸದ ಪುಸ್ತಕದಲ್ಲಿ ಇನ್ನೊಮ್ಮೆ ನೋಡಿಸಿ, ಆಮೇಲೆ ಬೆಂಗಳೂರಿನ ರೈಲು ಹತ್ತಿ. ಅಲ್ಲಿ ಆಗದಿದ್ದರೆ ಲೋಕೋ ಪೈಲಟ್ ಕೆಲಸದ ಆಸೆಯನ್ನೂ ತೋರಿಸಬೇಡಿ, ರೈಲ್ವೆಯವರೂ ಬಣ್ಣ ನೋಡುತ್ತಾರೆ. ವಿಮಾನದ ಹುಚ್ಚು ಬಿಡದಿದ್ದರೆ ಏರೋಸ್ಪೇಸ್ ಎಂಜಿನಿಯರಿಂಗ್ ಓದಲಿ, ವಿನ್ಯಾಸದ ಕೆಲಸಕ್ಕೆ ಪೈಲಟ್ ಮೆಡಿಕಲ್ ಬೇಕಿಲ್ಲ.