ಸಂಬಳದ ಪುಸ್ತಕ ಆಮೇಲೆ, ಮೊದಲು ಬಾಕಿ ಪುಸ್ತಕ ತೆಗೆಯಿರಿ

ಹನ್ನೊಂದು ಜನರ ಮಷೀನ್ ಶಾಪ್, ಹೊರದೇಶದ ಆರ್ಡರ್ ಅರ್ಧಕ್ಕೆ ಇಳಿದಿದೆ, ನಾಲ್ಕು ಜನರನ್ನು ತೆಗೆಯಲೋ ಸಾಲ ತಂದು ಸಂಬಳ ಕೊಡಲೋ ಅಂತ ಕೇಳಿದ್ದೀರಿ. ಎರಡೂ ಬೇಡ. 2008ರ ಕೊನೆಯಲ್ಲಿ ಪೀಣ್ಯದ ನಮ್ಮ ಶೆಡ್ಡಿನಲ್ಲೂ ಇದೇ ಪ್ರಶ್ನೆ ಎದ್ದಿತ್ತು. ನಾವು ಎರಡನ್ನೂ ಮಾಡಿದೆವು, ಎರಡೂ ಕೈಕೊಟ್ಟವು. ಯಾಕೆಂದರೆ ದುಡ್ಡು ಸೋರುತ್ತಿದ್ದ ಜಾಗವೇ ಬೇರೆ ಇತ್ತು. ಲೆಕ್ಕ ಸಮೇತ ಹೇಳುತ್ತೇನೆ, ನಿಮ್ಮ ಅಂಕಿಗಳನ್ನು ಪಕ್ಕದಲ್ಲಿ ಬರೆದುಕೊಳ್ಳುತ್ತಾ ಓದಿ.

ನಮ್ಮಲ್ಲಿದ್ದದ್ದು ಮೂರು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಲೇತ್), ಒಂದು ವಿಎಂಸಿ (ಕಂಪ್ಯೂಟರ್ ಮಿಲ್ಲಿಂಗ್ ಯಂತ್ರ), 14 ಜನ. ತಿಂಗಳಿಗೆ ಸುಮಾರು 9 ಲಕ್ಷದ ಬಿಲ್. ಅದರಲ್ಲಿ ಐದೂವರೆ ಲಕ್ಷ ಒಂದೇ ಪಾರ್ಟಿಯದು, ವಾಹನದ ಬಿಡಿಭಾಗ ರಫ್ತು ಮಾಡುವವರು. 60 ದಿನಕ್ಕೆ ಪೇಮೆಂಟ್ ಅನ್ನುವುದು ಬಾಯಿಮಾತು, ಪಿಒದಲ್ಲಿ (ಖರೀದಿ ಆದೇಶದಲ್ಲಿ) ಆ ಸಾಲೇ ಇರಲಿಲ್ಲ. ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಮುಳುಗಿತು. ಅದರ ಬಿಸಿ ನಮಗೆ ಮೊದಲು ತಟ್ಟಿದ್ದು ಪೇಮೆಂಟಿನಲ್ಲಿ, ಆರ್ಡರ್ ಇಳಿದದ್ದು ಅದರ ಹಿಂದೆ. ಅಕ್ಟೋಬರ್ ಮೊದಲ ವಾರದಿಂದ ಬರಬೇಕಿದ್ದ ಆಗಸ್ಟ್ ಬಿಲ್ಲುಗಳ ದುಡ್ಡು ಬರಲಿಲ್ಲ.

ಅಲ್ಲಿಗೆ ಸಪ್ಲೈ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಇದೊಂದೇ ತಪ್ಪು, ಮಿಕ್ಕ ಎಲ್ಲ ನಷ್ಟವೂ ಇದರ ಬಾಲ ಹಿಡಿದು ಬಂತು. ‘ಈಗ ಮಾಲು ನಿಲ್ಲಿಸಿದರೆ ಪಾರ್ಟಿ ಪಕ್ಕದ ಶೆಡ್ಡಿಗೆ ಹೋಗುತ್ತದೆ’ ಅನ್ನುವ ಹೆದರಿಕೆಯಲ್ಲಿ ಅಕ್ಟೋಬರ್‌ಗೆ 4 ಲಕ್ಷ, ನವೆಂಬರ್‌ಗೆ 3, ಡಿಸೆಂಬರ್‌ಗೆ 3, ಒಟ್ಟು 10 ಲಕ್ಷದ ಮಾಲು ಕಳಿಸಿದೆವು. ಹಳೆಯ ಆಗಸ್ಟ್, ಸೆಪ್ಟೆಂಬರ್ ಬಿಲ್ ಸೇರಿ 21 ಲಕ್ಷ ಒಂದೇ ಕಡೆ ಸಿಕ್ಕಿಕೊಂಡಿತು.

ಆ 10 ಲಕ್ಷದ ಒಳಗೆ ಏನಿತ್ತು ನೋಡಿ. ಬಾರ್ (ಉಕ್ಕಿನ ಸರಳು) ನಾವೇ ಕೊಳ್ಳುತ್ತಿದ್ದೆವು, ಬಿಲ್ಲಿನ 100 ರೂಪಾಯಿಯಲ್ಲಿ 45 ಮೆಟೀರಿಯಲ್‌ಗೆ. ಕಷ್ಟ ಕಾಲದಲ್ಲಿ ಸ್ಟೀಲ್ ಅಂಗಡಿಯವರೂ ಸಾಲ ಕೊಡುವುದಿಲ್ಲ, ಕೈಯಲ್ಲಿ ಕಾಸು ಇಟ್ಟರೇ ಬಾರ್. ಹಾಗಾಗಿ ನಾಲ್ಕೂವರೆ ಲಕ್ಷ ನಗದು ಕೊಟ್ಟು, ದುಡ್ಡು ಕೊಡದ ಪಾರ್ಟಿಗೆ ಮಾಲು ಮಾಡಿದೆವು. ನಮ್ಮ 14 ಜನರ ಬಟವಾಡೆ ಆಗ ಇಎಸ್‌ಐ (ನೌಕರರ ರಾಜ್ಯ ವಿಮೆ) ಸೇರಿ ತಿಂಗಳಿಗೆ 95 ಸಾವಿರ. ಹೆಚ್ಚು ಕಡಿಮೆ ಐದು ತಿಂಗಳ ಸಂಬಳ ಆ ಮೂರು ತಿಂಗಳ ಉಕ್ಕಿನಲ್ಲಿ ಹೋಯಿತು. ನಾಲ್ವರನ್ನು ಮನೆಗೆ ಕಳಿಸಿ ಉಳಿಸಿದ್ದು ತಿಂಗಳಿಗೆ 27 ಸಾವಿರ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರೆ ಆ ನಾಲ್ವರು ಹೋಗಬೇಕಾಗಿರಲಿಲ್ಲ.

ಬ್ಯಾಂಕಿನ ಕಡೆ ಇನ್ನೂ ಕೆಟ್ಟದ್ದಾಯಿತು. ಸಿಸಿ ಖಾತೆ (ಸ್ಟಾಕು, ಬಾಕಿಗಳ ಆಧಾರದ ಮೇಲೆ ಬೇಕಾದಾಗ ತೆಗೆಯುವ ಬ್ಯಾಂಕ್ ಸಾಲ) ಇರುವವರು ಇದನ್ನು ಎರಡು ಸಲ ಓದಿ. ಲಿಮಿಟ್ 15 ಲಕ್ಷ ಇದ್ದರೂ ಎಷ್ಟು ತೆಗೆಯಬಹುದು ಅನ್ನುವುದನ್ನು ಪ್ರತಿ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ತೀರ್ಮಾನಿಸುತ್ತದೆ. ಅದಕ್ಕೆ ಡ್ರಾಯಿಂಗ್ ಪವರ್ ಅನ್ನುತ್ತಾರೆ. ನಮ್ಮ ಬ್ಯಾಂಕಿನ ಲೆಕ್ಕದಲ್ಲಿ ಸ್ಟಾಕಿನಿಂದ ನಾವು ಕೊಡಬೇಕಾದ ಬಾಕಿ ಕಳೆದು ಉಳಿದದ್ದರ ನೂರಕ್ಕೆ 75 ಭಾಗ, ಜೊತೆಗೆ ಬರಬೇಕಾದ ಬಾಕಿಯ ನೂರಕ್ಕೆ 60 ಭಾಗ. ಆದರೆ 90 ದಿನ ದಾಟಿದ ಬಿಲ್ಲಿಗೆ ಸೊನ್ನೆ. ಸೆಪ್ಟೆಂಬರ್ ಕೊನೆಗೆ 23.5 ಲಕ್ಷ ತಾಜಾ ಬಾಕಿ, ಅದರ 60 ಭಾಗ 14.1 ಲಕ್ಷ. ಸ್ಟಾಕಿನಿಂದ ಎರಡೂಕಾಲು ಲಕ್ಷ ಸೇರಿದರೆ ಲಿಮಿಟ್ ಪೂರ್ತಿ ಸಿಗುತ್ತಿತ್ತು. ಜನವರಿ ಕೊನೆಗೆ ಪುಸ್ತಕದಲ್ಲಿ 25 ಲಕ್ಷ ಬಾಕಿ, ಅಂದರೆ ಮೊದಲಿಗಿಂತ ಜಾಸ್ತಿ. ಆದರೆ 90 ದಿನದ ಒಳಗಿನದು 10 ಲಕ್ಷ ಮಾತ್ರ. ಡ್ರಾಯಿಂಗ್ ಪವರ್ ಎಂಟೂಕಾಲು ಲಕ್ಷಕ್ಕೆ ಕುಸಿಯಿತು. ನಾವು ಆಗಲೇ ಹದಿನಾಲ್ಕೂವರೆ ತೆಗೆದಿದ್ದೆವು. ಆರೂಕಾಲು ಲಕ್ಷ ಹೆಚ್ಚುವರಿ, ಖಾತೆ ಇರ್‌ರೆಗ್ಯುಲರ್, ಇನ್ಸರ್ಟ್ (ಲೇತ್ ಟೂಲಿನ ಕತ್ತರಿಸುವ ತುದಿ) ಅಂಗಡಿಗೆ ಕೊಟ್ಟ ಚೆಕ್ ವಾಪಸ್. ಪಾರ್ಟಿ ಸತಾಯಿಸಿದಷ್ಟೂ ನಿಮ್ಮ ಬ್ಯಾಂಕಿನ ಬಾಗಿಲು ತಾನಾಗಿ ಮುಚ್ಚುತ್ತಾ ಬರುತ್ತದೆ. ಸಾಲ ತಂದು ಸಂಬಳ ಕೊಡುತ್ತೇನೆ ಅನ್ನುವ ನಿಮ್ಮ ಯೋಚನೆ ಮುಗ್ಗರಿಸುವುದು ಇಲ್ಲಿ. ಸಾಲ ಬೇಕಾದ ತಿಂಗಳಲ್ಲೇ ಸಾಲದ ಅರ್ಹತೆ ಕರಗಿರುತ್ತದೆ.

ಕಾನೂನಿನ ಆಸರೆ ಆಗಲೂ ಇತ್ತು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯ ಪ್ರಕಾರ ಪೇಮೆಂಟ್ ಬರಹದ ಕರಾರಿದ್ದರೂ 45 ದಿನ ಮೀರುವಂತಿಲ್ಲ, ಕರಾರಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ಆಗ ಬ್ಯಾಂಕ್ ದರ 6%, ಅಂದರೆ 18%. 21 ಲಕ್ಷಕ್ಕೆ ವರ್ಷಕ್ಕೆ 4 ಲಕ್ಷ ದಾಟುತ್ತಿತ್ತು. ಆದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇಎಂ ಭಾಗ-2 (ಉದ್ಯಮಿಯ ಜ್ಞಾಪನ ಪತ್ರ) ಫೈಲ್ ಮಾಡಿದವರಿಗೆ ಮಾತ್ರ ಆ ಹಕ್ಕು. ನಮ್ಮದು ಫೈಲ್ ಆಗಿರಲಿಲ್ಲ. ಎರಡು ವರ್ಷ ಅಲೆದು 13 ಲಕ್ಷಕ್ಕೆ ಒಪ್ಪಿಕೊಂಡೆವು.

ಈಗ ಆ ಜಾಗದಲ್ಲಿ ಉದ್ಯಮ್ ನೋಂದಣಿ ಇದೆ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಉಚಿತ, ದುಡ್ಡು ಕೇಳುವ ಏಜೆಂಟ್ ಬೇಡವೇ ಬೇಡ. ಸಪ್ಲೈ ಆದ ಮೇಲೆ ನೋಂದಣಿ ಮಾಡಿಸಿ ಹಳೆಯ ಬಾಕಿಗೆ ಬಡ್ಡಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. 2025ರಲ್ಲಿ ಇನ್ನೊಂದು ಪೀಠ ಬೇರೆ ರೀತಿ ನೋಡಿ ವಿಷಯವನ್ನು ದೊಡ್ಡ ಪೀಠಕ್ಕೆ ಕಳಿಸಿದೆ. ಅದನ್ನು ನಂಬಿ ಕೂರಬೇಡಿ, ನೋಂದಣಿ ಇಲ್ಲದಿದ್ದರೆ ಇವತ್ತೇ ಮಾಡಿ, ನಂಬರನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ.

ಆಮೇಲೆ ಡಿಸಿ, ಅಂದರೆ ಮಾಲಿನ ಜೊತೆ ಕಳಿಸುವ ಡೆಲಿವರಿ ಚಲನ್. ದಿನದ ಎಣಿಕೆ ಶುರುವಾಗುವುದು ಮಾಲು ಮುಟ್ಟಿದ ದಿನದಿಂದ. ತಕರಾರಿದ್ದರೆ ಪಾರ್ಟಿ 15 ದಿನದೊಳಗೆ ಬರೆದು ತಿಳಿಸಬೇಕು. ಗೇಟಿನಲ್ಲಿ ಸೀಲು, ಸಹಿ, ತಾರೀಕು ಮೂರೂ ಇಲ್ಲದ ಡಿಸಿ, ಈ ಕಾಯ್ದೆಯ ವ್ಯಾಜ್ಯ ಕೇಳುವ ಕೌನ್ಸಿಲ್ ಮುಂದೆ ನಿಲ್ಲುವುದಿಲ್ಲ. ನಾಲ್ಕು ತಿಂಗಳ ನಂತರ ‘ನಿಮ್ಮ ಮಾಲು ರಿಜೆಕ್ಷನ್’ ಅನ್ನುವುದು ದುಡ್ಡು ಕೊಡದವರ ಮಾಮೂಲಿ ಮಾತು. ತಾರೀಕಿನ ಡಿಸಿ ಇದ್ದರೆ ಅದಕ್ಕೆ ಅಲ್ಲೇ ಉತ್ತರ ಸಿಗುತ್ತದೆ.

ಪಾರ್ಟಿಯ ಅಕೌಂಟ್ಸ್ ವಿಭಾಗಕ್ಕೆ ನಾಟುವ ವಿಷಯ ಇನ್ನೆರಡಿವೆ. ಒಂದು, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಆಗಿ ಬಂದ ನಿಯಮ. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೂಕ್ಷ್ಮ, ಸಣ್ಣ ಘಟಕಗಳಿಗೆ ಅವಧಿಯೊಳಗೆ ಕೊಡದೆ ಮಾರ್ಚ್ 31ಕ್ಕೂ ಬಾಕಿ ಉಳಿಸಿಕೊಂಡರೆ ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ಕಳೆಯುವಂತಿಲ್ಲ. ಫೆಬ್ರುವರಿ ಮೊದಲ ವಾರದಲ್ಲೇ ಬಾಕಿ ಪಟ್ಟಿ, ಉದ್ಯಮ್ ಪ್ರತಿ ಲಗತ್ತಿಸಿ ಪತ್ರ ಕಳಿಸಿ. ಮಾರ್ಚ್ 25ಕ್ಕೆ ಕಳಿಸಿದರೆ ಯಾರೂ ನೋಡುವುದಿಲ್ಲ. ಇನ್ನೊಂದು ಜಿಎಸ್‌ಟಿ. ಬಿಲ್ ಆಗಿ 180 ದಿನದೊಳಗೆ ನಿಮಗೆ ಹಣ ಕೊಡದಿದ್ದರೆ ಅವರು ಪಡೆದ ಇನ್‌ಪುಟ್ ಕ್ರೆಡಿಟನ್ನು (ನಿಮ್ಮ ಬಿಲ್ಲಿನ ಜಿಎಸ್‌ಟಿಗೆ ಅವರ ತೆರಿಗೆಯಲ್ಲಿ ಸಿಕ್ಕ ಕಡಿತವನ್ನು) ಬಡ್ಡಿ ಸಮೇತ ವಾಪಸ್ ಕಟ್ಟಬೇಕು. 150ನೇ ದಿನಕ್ಕೆ ಇದನ್ನು ನೆನಪಿಸಿ. ನಿಮ್ಮ ಕಡೆಯಿಂದ ಮಾತ್ರ ಪಾರ್ಟಿ ಕೊಟ್ಟರೂ ಬಿಟ್ಟರೂ ಬಿಲ್ಲಿನ ಮೇಲಿನ ಜಿಎಸ್‌ಟಿ ರಿಟರ್ನ್ ಹೊತ್ತಿಗೆ ಕಟ್ಟಲೇಬೇಕು. 18% ದರದ ಮಾಲಾದರೆ ಸಿಕ್ಕಿಕೊಂಡ ಲಕ್ಷದ ಬಿಲ್ಲಿಗೆ ಇನ್ನೂ 18 ಸಾವಿರ ಕೈಯಿಂದ ಹೋಗುತ್ತದೆ. ನೀವು ಸಂಬಳಕ್ಕೆ ಹುಡುಕುತ್ತಿರುವ ದುಡ್ಡಿನಲ್ಲಿ ಒಂದಷ್ಟು ಅಲ್ಲೂ ಇದೆ.

ಪಾರ್ಟಿ 250 ಕೋಟಿಗಿಂತ ಹೆಚ್ಚಿನ ವಹಿವಾಟಿನ ಕಂಪನಿಯಾದರೆ ಟ್ರೆಡ್ಸ್ (ಸಣ್ಣ ಘಟಕಗಳ ಬಿಲ್ಲಿಗೆ ಬ್ಯಾಂಕುಗಳು ಮುಂಚಿತವಾಗಿ ದುಡ್ಡು ಕೊಡುವ ಆನ್‌ಲೈನ್) ವೇದಿಕೆಗೆ ಸೇರುವುದು ಅವರಿಗೆ ಕಡ್ಡಾಯ. ಅವರು ನಿಮ್ಮ ಬಿಲ್ ಒಪ್ಪಿಕೊಂಡ ಮೇಲೆ ಬ್ಯಾಂಕುಗಳು ಅದನ್ನು ಡಿಸ್ಕೌಂಟ್ ಮಾಡಿ ದುಡ್ಡು ಹಾಕುತ್ತವೆ, ಆಮೇಲೆ ಪಾರ್ಟಿ ಕೈಯೆತ್ತಿದರೂ ನಿಮ್ಮ ಮೇಲೆ ಬರುವಂತಿಲ್ಲ. ಸೇರಿದ್ದೂ ಬಿಲ್ ಒಪ್ಪದೆ ಕೂರುವವರಿದ್ದಾರೆ. ಅದಕ್ಕೇ ಮುಂದಿನ ಪಿಒ ಮಾತಾಡುವಾಗಲೇ ‘ಟ್ರೆಡ್ಸ್ ಮೂಲಕ’ ಅನ್ನುವ ಸಾಲು ಬರೆಸಿಕೊಳ್ಳಿ.

ಸಪ್ಲೈ ನಿಲ್ಲಿಸಿದರೆ ಪಾರ್ಟಿ ಕೈತಪ್ಪುತ್ತದಲ್ಲ ಅಂತೀರಿ. ಪೂರ್ತಿ ನಿಲ್ಲಿಸಬೇಕಾಗಿಲ್ಲ. ಬಾಕಿ 60 ದಿನ ದಾಟಿದ ದಿನವೇ ‘ಮೆಟೀರಿಯಲ್ ನೀವು ಕಳಿಸಿ, ನಾವು ಲೇಬರ್ ಮಾತ್ರ ಬಿಲ್ ಮಾಡುತ್ತೇವೆ’ ಎಂದು ಬರೆಯಿರಿ. ಬಾರ್ ಅವರದಾದರೆ ನೀವು ಹಾಕುವ ನಗದು ಅರ್ಧಕ್ಕರ್ಧ ಇಳಿಯುತ್ತದೆ, ಮಷೀನೂ ಓಡುತ್ತದೆ, ಜನರಿಗೂ ಕೆಲಸ ಇರುತ್ತದೆ. ನಿಜವಾಗಿ ಮಾಲು ಬೇಕಾದವರು ಬಾರ್ ಕಳಿಸುತ್ತಾರೆ. ಕಳಿಸದವರಿಗೆ ಬೇಕಾಗಿರುವುದು ನಿಮ್ಮ ದುಡ್ಡು. ನಾವು ಆಗ ಇದೊಂದನ್ನು ಮಾಡಿದ್ದರೂ ಆ ನಾಲ್ಕೂವರೆ ಲಕ್ಷ ಉಳಿಯುತ್ತಿತ್ತು. ಚಲನ್ ಮೇಲೆ ಬಂದ ಬಾರ್, ತೂಕ, ಕೊಟ್ಟ ಪೀಸು, ಸ್ಕ್ರ್ಯಾಪ್ ಲೆಕ್ಕ ಸರಿಯಾಗಿಡಿ, ಒಂದು ವರ್ಷದೊಳಗೆ ಎಲ್ಲ ವಾಪಸ್ ಹೋಗಿರಬೇಕು.

ಇನ್ನು ನಿಮ್ಮ ನಾಲ್ವರ ವಿಷಯ. ತೆಗೆದರೆ ಉಳಿತಾಯ ಅನ್ನುವ ಲೆಕ್ಕವೇ ತಪ್ಪು. ತಿಂಗಳಿಗೆ 20,000 ಪಡೆಯುವ, ಆರು ವರ್ಷ ದುಡಿದ ಒಬ್ಬರನ್ನು ತೆಗೆದುಕೊಳ್ಳಿ. ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ 20,000, ವರ್ಷಕ್ಕೆ 15 ದಿನದ ಸರಾಸರಿ ಸಂಬಳದಂತೆ 60,000. ಆ 20,000 ಪೂರ್ತಿ ಬೇಸಿಕ್, ಡಿಎ ಆಗಿದ್ದರೆ ಗ್ರಾಚುಟಿ ಸುಮಾರು 69,000. ಸುಮಾರು ಒಂದೂವರೆ ಲಕ್ಷ ಒಂದೇ ಸಲ ಕೈಬಿಡುತ್ತದೆ, ಅಂದರೆ ಅವರದೇ ಏಳೂವರೆ ತಿಂಗಳ ಸಂಬಳ. ವ್ಯಾಪಾರದ ಕುಸಿತ ಅಷ್ಟು ತಿಂಗಳು ಮುಂದುವರಿಯದಿದ್ದರೆ ತೆಗೆದದ್ದೇ ನಷ್ಟ. ಈ ದುಡ್ಡು ಕೊಡದೆ ಕಳಿಸುವ ಯೋಚನೆ ಇದ್ದರೆ ಅದು ತಪ್ಪು, ನಾನು ಅದಕ್ಕೆ ದಾರಿ ಹೇಳುವುದಿಲ್ಲ.

ನಾವು ಕಳಿಸಿದ ನಾಲ್ವರಲ್ಲಿ ಸಂಬಳ ಜಾಸ್ತಿ ಅಂತ ಸೆಟ್ಟರ್ (ಹೊಸ ಕೆಲಸಕ್ಕೆ ಮಷೀನ್ ಹೊಂದಿಸುವವರು) ಕೂಡ ಇದ್ದರು, ಆಗಿನ 11 ಸಾವಿರ. ಹೊಸ ಪೀಸಿಗೆ ಅದನ್ನು ಹಿಡಿಯುವ ಸಾಫ್ಟ್ ಜಾ ಬೋರ್ ಮಾಡಿ, ಟೂಲಿನ ಅಳತೆ (ಆಫ್‌ಸೆಟ್) ಹಿಡಿದು, ಮೊದಲ ಪೀಸ್ ಪಾಸ್ ಮಾಡಿಸಲು ಅವರಿಗೆ ಎರಡೂವರೆ ಗಂಟೆ ಸಾಕಿತ್ತು. 2009ರ ಮಧ್ಯದಲ್ಲಿ ಬೇಡಿಕೆ ಮರಳಿದಾಗ ಅದೇ ಕೆಲಸಕ್ಕೆ ಒಂದು ಶಿಫ್ಟ್ ಪೂರ್ತಿ ಬೇಕಾಯಿತು, ಆರೇಳು ಪೀಸ್ ಸ್ಕ್ರ್ಯಾಪ್ ಬೇರೆ. ಕುಸಿತದ ಕಾಲದಲ್ಲಿ ಲಾಟ್‌ಗಳು ಚಿಕ್ಕವಾಗುತ್ತವೆ, ಸೆಟ್ಟಿಂಗ್ ಹೆಚ್ಚುತ್ತದೆ, ಸೆಟ್ಟರ್ ಬೇಕಾಗುವುದೇ ಆಗ.

ಜನ ಇಟ್ಟುಕೊಂಡು ಗಂಟೆ ಇಳಿಸಿ. ಜರ್ಮನಿಯಲ್ಲಿ 2009ರಲ್ಲಿ ಹೀಗೇ ಮಾಡಿದರು. ಕಾರ್ಖಾನೆ ಕೆಲಸದ ಗಂಟೆ ಇಳಿಸಿತು, ಕಳೆದುಹೋದ ನಿವ್ವಳ ಸಂಬಳದ 60 ಭಾಗವನ್ನು, ಮಕ್ಕಳಿದ್ದವರಿಗೆ 67 ಭಾಗವನ್ನು ಸರ್ಕಾರಿ ಉದ್ಯೋಗ ನಿಧಿ ತುಂಬಿತು. ನಮ್ಮಲ್ಲಿ ಆ ನಿಧಿ ಇಲ್ಲ, ಇರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೂ ಕೆಲಸ ಹಂಚಿಕೊಳ್ಳುವ ಕ್ರಮ ನಮ್ಮ ಕೈಯಲ್ಲೇ ಇದೆ. ಮೊದಲು ಓಟಿ ನಿಲ್ಲಿಸಿ, ಆಮೇಲೆ ಎರಡನೇ ಶಿಫ್ಟ್, ಅದೂ ಸಾಲದಿದ್ದರೆ ವಾರಕ್ಕೆ ಐದು ದಿನ, ಕೊನೆಗೆ ನಾಲ್ಕು. ಮೂರಕ್ಕೆ ಇಳಿಸಬೇಡಿ. ಇಎಸ್‌ಐ ಇರುವವರಿಗೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ಸಂಬಳ ಬಿದ್ದಿದ್ದರೆ ಮಾತ್ರ ಕಾಯಿಲೆ ರಜೆಯ ಭತ್ಯೆ ಸಿಗುತ್ತದೆ. ವಾರಕ್ಕೆ ಮೂರು ದಿನ ಅಂದರೆ 26 ವಾರಕ್ಕೆ ಸರಿಯಾಗಿ 78, ಒಂದು ಗೈರುಹಾಜರಿಗೆ ಅದು ತಪ್ಪಿಹೋಗುತ್ತದೆ. ನಾಲ್ಕು ದಿನಕ್ಕೆ 104 ಆಗುತ್ತದೆ. ಎಲ್ಲರನ್ನೂ ಕೂರಿಸಿ ಬಾಕಿ ಪುಸ್ತಕ ತೆರೆದು ತೋರಿಸಿ, ಎಷ್ಟು ತಿಂಗಳಿಗೆ ಅಂತ ಬರೆದು ಸಹಿ ಹಾಕಿಸಿ, ದಿನಗೂಲಿ ಕನಿಷ್ಠ ವೇತನದ ಕೆಳಗೆ ಹೋಗದಂತೆ ನೋಡಿಕೊಳ್ಳಿ. ಹೆಲ್ಪರ್‌ಗಿಂತ ಮೊದಲು ಮಾಲೀಕರು ಮನೆಗೆ ತೆಗೆಯುವ ದುಡ್ಡು (ಡ್ರಾಯಿಂಗ್ಸ್) ಇಳಿಯಬೇಕು.

ಬ್ಯಾಂಕಿಗೆ ಕಂತು ತಪ್ಪುವ ಮೊದಲೇ ಹೋಗಿ. ಒಂದು ದಿನ ತಪ್ಪಿದರೂ ಖಾತೆ ಎಸ್‌ಎಂಎ (ಬ್ಯಾಂಕ್ ಕಣ್ಣಿಟ್ಟ ಖಾತೆಗಳ) ಪಟ್ಟಿಗೆ ಬರುತ್ತದೆ, 90 ದಿನ ದಾಟಿದರೆ ಎನ್‌ಪಿಎ (ವಸೂಲಾಗದ ಸಾಲ), ಆಮೇಲೆ ಮ್ಯಾನೇಜರ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೊಸ ಸಾಲ ಬೇಕೇ ಬೇಕೆಂದರೆ ಕೈಯಲ್ಲಿರುವ ಪಿಒಗೆ, ಹೊತ್ತಿಗೆ ದುಡ್ಡು ಕೊಡುವ ಪಾರ್ಟಿಯದಕ್ಕೆ ಮಾತ್ರ ತನ್ನಿ. ಅಡಮಾನ ಇಲ್ಲದಿದ್ದರೆ ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮಗಳ ಸಾಲ ಖಾತರಿ ನಿಧಿ) ಗ್ಯಾರಂಟಿಯಲ್ಲಿ ಕೇಳಿ.

ಈ ಶನಿವಾರ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: 45 ದಿನದೊಳಗೆ, 46ರಿಂದ 60, 61ರಿಂದ 90, 90 ದಾಟಿದ್ದು. ಪ್ರತಿ ಪಾರ್ಟಿಯ ಪ್ರತಿ ಬಿಲ್ ಅದರೊಳಗೆ ಬರೆಯಿರಿ. ಸೋಮವಾರ ಬೆಳಿಗ್ಗೆ ಕೊನೆಯ ಕಾಲಂನ ಮೊದಲ ಹೆಸರಿಗೆ ಫೋನ್ ಮಾಡಿ, ಮಾತಾಡಿದ್ದನ್ನು ಸಂಜೆಯೊಳಗೆ ಮೇಲ್‌ನಲ್ಲಿ ಬರೆದು ಕಳಿಸಿ. ಆಮೇಲೂ ಆ ನಾಲ್ವರ ಸಂಬಳ ಹೊಂದುತ್ತಿಲ್ಲ ಅನಿಸಿದರೆ ನಾಲ್ಕು ಕಾಲಂನ ಮೊತ್ತವನ್ನೂ ನಿಮ್ಮ ತಿಂಗಳ ಬಟವಾಡೆಯನ್ನೂ ಇಲ್ಲಿ ಹಾಕಿ, ಜೊತೆಗೆ ಕೂತು ನೋಡೋಣ.