ಸೈನ್ಯದಾಗ ಇರೋ ತಮ್ಮಗ ಹಗುರಾದ ಪ್ಲೇಟ್ ಕ್ಯಾರಿಯರ್ (ಗುಂಡು ತಡಿಯೋ ಪ್ಲೇಟ್ ಇಟ್ಕೊಂಡು ಮೈಮ್ಯಾಲೆ ಹಾಕ್ಕೊಳ್ಳೋ ಚೀಲದಂಥ ಜಾಕೀಟು) ತಗೋಬೇಕು, 600 ಗ್ರಾಂದ್ದು ನೋಡೀನಿ, ತಗೊಳ್ಲೇನ್ರಿ?

ನಾ ಸೈನಿಕ ಅಲ್ರಿ, ಟೇಲರ್. ಬೆಳಗಾವಿ ಕ್ಯಾಂಪ್‌ನಾಗ ಅಪ್ಪನ ಕಾಲದಿಂದ ಯೂನಿಫಾರ್ಮ್ ಹೊಲಿಯೋ ಅಂಗಡಿ ನಮ್ದು, ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಇರೋ ಊರು, ಹಂಗಾಗಿ ಪೌಚು, ಬ್ಯಾಗು, ಕ್ಯಾರಿಯರ್ ರಿಪೇರಿಗೆ ಬರ್ತಾನ ಇರ್ತಾವು. ಹೊಸಾದ್ದಕ್ಕಿಂತ ಹರಿದದ್ದನ್ನ ಜಾಸ್ತಿ ನೋಡೀನಿ, ಅದರ ಮ್ಯಾಲೆ ಹೇಳ್ತೀನಿ.

ಬಟ್ಟಿ ತೂಕ ನೋಡಿ ಮೋಸ ಹೋಗಬ್ಯಾಡ್ರಿ. ಖಾಲಿ ಕ್ಯಾರಿಯರ್ 600 ಗ್ರಾಂ ಇದ್ರೇನು, ಒಂದ್ ಕೆಜಿ ಇದ್ರೇನು, ಫರಕು ಅರ್ಧ ಲೀಟರ್ ನೀರಿನ ಬಾಟ್ಲಿಗಿಂತ ಕಮ್ಮಿ. ಭಾರ ಇರೋದು ಪ್ಲೇಟಿನ್ಯಾಗ. ಪಾಲಿಎಥಿಲೀನ್ ಅಂದ್ರ ಗಟ್ಟಿ ಪ್ಲಾಸ್ಟಿಕ್‌ದು ಒಂದಕ್ಕ ಸುಮಾರು ಒಂದೂವರಿ ಕೆಜಿ, ಬಿರುಸು ರೈಫಲ್ ಗುಂಡು ತಡಿಯೋ ಲೆವೆಲ್ 4 ಸೆರಾಮಿಕ್ ಅಂದ್ರ ಎರಡೂವರಿ ಮೂರು ಕೆಜಿ, ಮುಂದೊಂದು ಹಿಂದೊಂದು ಲೆಕ್ಕ ಹಾಕ್ರಿ, ಮ್ಯಾಲೆ ಗುಂಡು ತುಂಬಿದ ಎಕೆ ರೈಫಲ್ ಮ್ಯಾಗಜೀನ್ ಮೂರು ಸಿಗಿಸಿದ್ರ ಇನ್ನೂ ಎರಡು ಕೆಜಿ ಮ್ಯಾಲ. ಹಗುರ ಅಂತ ಪಾಲಿಎಥಿಲೀನ್ ಹಾಕ್ಕೊಂಡ್ರ ಆರ್ಮರ್ ಪಿಯರ್ಸಿಂಗ್ (ಕವಚ ತೂರೋ) ಗುಂಡಿಗೆ ಅದನ್ನ ನಂಬಂಗಿಲ್ಲ, ಪ್ಲೇಟ್ ವಿಷಯ ಯೂನಿಟ್‌ನವರ ಮ್ಯಾಲ ಬಿಡ್ರಿ. ಮತ್ತ ಆನ್‌ಲೈನ್‌ನಾಗ ಸೋವಿಗೆ ಸಿಗೋವು ಬಹಳಷ್ಟು ಏರ್‌ಸಾಫ್ಟ್ ಅನ್ನೋ ಪ್ಲಾಸ್ಟಿಕ್ ಗುಂಡಿನ ಬಂದೂಕಿನ ಆಟಕ್ಕ, ಒಳಗ ಬರೇ ಫೋಮ್ ತುಂಡು ಇಟ್ಟಿರ್ತಾರ.

ಕ್ಯಾರಿಯರ್ ಆರಿಸೋದು ಪ್ಲೇಟಿನ ಅಳತಿ ಹಿಡ್ಕೊಂಡು. ಮೀಡಿಯಂ ಸ್ಯಾಪಿ (ಅಮೇರಿಕಾ ಸೈನ್ಯದ ಪ್ಲೇಟಿನ ಅಳತಿ) ಅಂದ್ರ 9.5 ಇಂಚು ಅಗಲ, 12.5 ಇಂಚು ಉದ್ದ. ಚೀಲ ಸಡಿಲಾತಂದ್ರ ಪ್ಲೇಟ್ ಕೆಳಗ ಜಾರ್ತೈತಿ, ಅದರ ಮ್ಯಾಲಿನ ಅಂಚು ಗಂಟಲ ಕೆಳಗಿನ ಗುಳಿ ಮಟ್ಟಕ್ಕ ಇರಬೇಕು, ಹೊಟ್ಟಿ ಮ್ಯಾಲೆ ಜೋತು ಬಿದ್ರ ಎದಿ ಬಯಲಾಗ್ತೈತಿ.

ಈಗ ಹೊಲಿಗಿ. ಕೈಯಾಗ ಸಿಕ್ಕ ಕೂಡ್ಲೆ ಭುಜದ ಪಟ್ಟಿ ಹೊಳ್ಳಿಸಿ ಒಳಗ ನೋಡ್ರಿ. ಪಟ್ಟಿ ಚೀಲಕ್ಕ ಕೂಡೋ ಜಾಗಾದಾಗ ಅಡ್ಡಡ್ಡ ಒತ್ತೊತ್ತಾಗಿ ಇರುವಿ ಸಾಲಿನಂಗ ಬಾರ್‌ಟ್ಯಾಕ್ ಇರಬೇಕು. ಬರೇ ನೆಟ್ಟಗ ಎರಡು ಸಾಲು ಹೊಡ್ದು ಬಿಟ್ಟಿದ್ರ ಬ್ಯಾಡ, ನನ್ನ ಟೇಬಲ್‌ಗೆ ಬರೋವೆಲ್ಲಾ ಅಲ್ಲೇ ಬಿಚ್ಚಿರ್ತಾವು. ಬಟ್ಟಿ 500 ಡಿ (ಡೆನಿಯರ್, ನೂಲಿನ ದಪ್ಪದ ಅಳತಿ) ನೈಲಾನ್ ಸಾಕು, 1000 ಡಿ ಗಟ್ಟಿ ಖರೆ, ಆದ್ರ ಭಾರ, ಬಿರುಸು. ಪೌಚ್ ಸಿಗಸಾಕ ವೆಬ್ಬಿಂಗ್ ಪಟ್ಟಿ ಹೊಲಿಯೋ ಬದ್ಲಿ ಲೇಸರ್‌ಲೆ ಸೀಳು ಕೊಯ್ದಿರ್ತಾರಲ್ಲ, ಅವು ಹಗುರ, ನಮ್ಮ ಜುಲೈ ಮಳಿಯಾಗ ನೀರೂ ಕಮ್ಮಿ ಕುಡೀತಾವು.

ನಂದೊಂದು ತಪ್ಪು ಹೇಳ್ತೀನಿ. ಒಬ್ಬ ಹುಡುಗ ತೂಕ ಇಳಸ್ರಿ ಅಂದ ಅಂತ ಭುಜದ ಪ್ಯಾಡ್ ಬಿಚ್ಚಿ, ಎರಡು ಇಂಚಿನ ಪಟ್ಟಿ ಒಂದೂವರಿ ಮಾಡಿ ಕೊಟ್ಟೆ, ತಕ್ಕಡಿ ಮ್ಯಾಲ ನೂರು ಗ್ರಾಂ ಇಳೀತು, ನಾನೂ ಖುಷಿ ಅಂವನೂ ಖುಷಿ. ಪ್ಲೇಟ್ ಹಾಕ್ಕೊಂಡು ಯಳ್ಳೂರ ಕೋಟಿ ಹತ್ತಿ ಇಳ್ದು ಬಂದು ಅಂಗಿ ತಗದು ತೋರ್ಸಿದ, ಎರಡೂ ಹೆಗಲ ಮ್ಯಾಲೆ ಬಾಸುಂಡಿ. "ಅಣ್ಣಾ, ಹಗುರ ಮಾಡ್ಸಿದ್ದ ಭಾರ ಆತು" ಅಂದ. ಪುಕ್ಕಟೆ ಹೊಳ್ಳಿ ಹೊಲ್ದು ಕೊಟ್ಟೆ, ಏನ್ ಮಾಡೋದು.

ನಿಮ್ಮ ತಮ್ಮಗ ಒಂದ್ ಫೋನ್ ಹಚ್ಚಿ ಪ್ಲೇಟಿನ ಉದ್ದ, ಅಗಲ ಟೇಪ್ ಹಿಡ್ದು ಬರ್ಕೋ ಅನ್ರಿ, ದಪ್ಪಾನೂ ಮರೀಬ್ಯಾಡ ಅನ್ರಿ, ಆಮ್ಯಾಲೆ ರೊಕ್ಕಾ ಹಾಕ್ರಿ.